ಗ್ರೇಸ್ ಮೇಸ್ತ್ರಿಯ ಗ್ಯಾಂಗು

ಹೊಸ ಕೆಲಸವನ್ನೂ ಹಳೆಯ ಕೆಲಸದಂತೆಯೇ ಮಾಡುವ ಚಟ ಕೆಲವರಿಗಿರುತ್ತದೆ. ನನ್ನದು ವಾಸಿಯಾಗುವ ಹಂತ ದಾಟಿದೆ. ಬೆಳಗೋಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ರೈಟರಾಗಿ ಆಳುಗಳ ಹಾಜರಿ ಬರೆದವನು ನಾನು. ನಿವೃತ್ತನಾದ ಮೇಲೆ ಹಾಲಿನವಳು, ಹೂವಿನವಳು ಎಷ್ಟು ಹೊತ್ತಿಗೆ ಬಂದರೆಂದು ಮನೆಯಲ್ಲೇ ಬರೆದಿಡತೊಡಗಿದೆ. "ನನ್ ಹೆಸ್ರೂ ಅದ್ರಲ್ಲಿ ಹತ್ತೋಕ್ ಮುಂಚೆ ಎಲ್ಲಾದ್ರೂ ಕೆಲ್ಸುಕ್ ಹೋಗ್ರೀ" ಎಂದು ಹೆಂಡತಿ ಕೈಮುಗಿದಳು. ಹಾಗಾಗಿ ಬಾಳ್ಳುಪೇಟೆಯಾಚೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಅಡ್ಮಿಷನ್ ಗುಮಾಸ್ತನಾದೆ.

ನಮ್ಮ ಕಾಲೇಜಿಗೆ ಹೊರದೇಶದ ಹುಡುಗಿಯರೂ ಬರುತ್ತಾರೆ, ಅವರಿಗೊಂದು ಪುಟ್ಟ ಹಾಸ್ಟೆಲ್ಲೂ ಇದೆ. ಈ ವರ್ಷ ಮಾತ್ರ ಬಂದವರು ಇಬ್ಬರೇ. ಮುಂದಿನ ವರ್ಷವೂ ಹೀಗಾದರೆ ಹಾಸ್ಟೆಲ್ ಮುಚ್ಚುವುದೆಂದು ಆಡಳಿತ ಮಂಡಳಿ ಹೇಳಿಬಿಟ್ಟಿತು. ಯಾವ ದೇಶದಿಂದ ಹೆಚ್ಚು ಜನ ಬರುತ್ತಾರೋ ಅಲ್ಲಿಗೇ ಹೋಗಿ ಪ್ರಚಾರ ಮಾಡಿ ಬರುತ್ತೇನೆಂದು ಪ್ರಿನ್ಸಿಪಾಲರು ಸೂಟ್‌ಕೇಸ್ ಒರೆಸಿಟ್ಟರು. ಆ ದೇಶ ಯಾವುದೆಂದು ಡೇಟಾ ನೋಡಿ ಹೇಳುವ ಕೆಲಸ ಕಂಪ್ಯೂಟರ್ ಕಲಿಸುವ ಲವೀನಾ ಮೇಡಂ ಪಾಲಿಗೆ ಬಂತು. ಡೇಟಾ ಎಂದರೆ ಬೇರೇನಲ್ಲ, ನಾನು ಮುತ್ತಿನಂಥ ಅಕ್ಷರದಲ್ಲಿ ಬರೆದ ರಿಜಿಸ್ಟರು.

ಲವೀನಾ ಅದನ್ನು ಕಂಪ್ಯೂಟರಿಗೇರಿಸಿದಾಗ ಬಂದ ಉತ್ತರ: ಹೆಚ್ಚುಕಡಿಮೆ ಎಲ್ಲರೂ ಮಲಾವಿ ದೇಶದವರು! ಪ್ರಿನ್ಸಿಪಾಲರು ಭೂಪಟದಲ್ಲಿ ಮಲಾವಿ ಹುಡುಕಲು ಕನ್ನಡಕ ಒರೆಸಿದರು. ಲವೀನಾಗೆ ಮಾತ್ರ ಸಮಾಧಾನವಿಲ್ಲ. ನೇರವಾಗಿ ನನ್ನ ಮೇಜಿಗೆ ಬಂದಳು.

"ಎಂತ ಮಾರಾಯ್ರೇ ಇದು? ಸುನೀತಾ ನೇಪಾಳದವಳಲ್ವಾ? ಮಲಾವಿ ಅಂತ ಬರ್ದಿದ್ದೀರಲ್ಲ?"

"ಅವುಳ್ನ ಇಲ್ಲಿಗ್ ಕರ್ಕೊಂಡ್ ಬಂದಿದ್ದು ಗ್ರೇಸ್ ಅಲ್ವೇನಮ್ಮಾ? ಗ್ರೇಸ್ ಊರು ಮಲಾವಿ" ಎಂದೆ.

ಎಸ್ಟೇಟಿನ ಪದ್ಧತಿಯೇ ಅದು. ಕೆ. ಹೊಸಕೋಟೆಯ ಮೇಸ್ತ್ರಿ ಆಳು ಕರೆತಂದರೆ, ಅವರು ಯಾವ ಊರಿನವರೇ ಆಗಿರಲಿ, ಪುಸ್ತಕದಲ್ಲಿ ಹೊಸಕೋಟೆ ಗ್ಯಾಂಗು. ಗ್ರೇಸ್ ನಮ್ಮಲ್ಲಿಗೆ ಮೊದಲು ಬಂದವಳು. ಆಮೇಲೆ ತಂಗಿ, ತಂಗಿಯ ಗೆಳತಿ, ಬೆಂಗಳೂರಿನ ಪಿ.ಜಿ.ಯಲ್ಲಿ ಪರಿಚಯವಾದ ಸುನೀತಾ, ಹೀಗೆ ಒಬ್ಬೊಬ್ಬರನ್ನೇ ಕರೆತಂದಳು. ನಾನು ಎಲ್ಲರನ್ನೂ ಮೇಸ್ತ್ರಿಯ ಊರಿಗೇ ಸೇರಿಸಿದ್ದೆ.

ಬೈಗುಳಕ್ಕೆ ತಲೆ ತಗ್ಗಿಸಿ ಕಾದೆ. ಲವೀನಾ ನಕ್ಕು, ಕುರ್ಚಿ ಎಳೆದು ಕೂತಳು. ಮೂರು ದಿನ ಒಂದೊಂದೇ ಪಾಸ್‌ಪೋರ್ಟ್ ತರಿಸಿ ನಿಜವಾದ ದೇಶ ತುಂಬಿಸಿದಳು. ನನ್ನ ತಪ್ಪನ್ನು ಅಳಿಸಬಹುದಿತ್ತು. ಅಳಿಸದೆ, ಪಕ್ಕದಲ್ಲಿ 'ಕರೆತಂದವರು' ಎಂಬ ಹೊಸ ಕಾಲಂ ಮಾಡಿ ಜೋಪಾನವಾಗಿಟ್ಟಳು. ಬೇರೆಯವರ ದಡ್ಡತನದಲ್ಲೂ ಉಪಯೋಗದ ಕಾಳು ಹೆಕ್ಕುವವರನ್ನು ಕಂಡರೆ ನನಗೆ ಎಲ್ಲಿಲ್ಲದ ಪ್ರೀತಿ ಬರುತ್ತದೆ, ಅದರಲ್ಲೂ ದಡ್ಡತನ ನನ್ನದೇ ಆದಾಗ.

"ಸಾರ್, ದೇಶ ನೋಡಿದ್ರೆ ಆರು. ಕರ್ಕೊಂಡು ಬಂದವ್ರನ್ನ ನೋಡಿದ್ರೆ ಗ್ರೇಸ್ ಒಬ್ಬಳೇ" ಎಂದಳು ಪ್ರಿನ್ಸಿಪಾಲರಿಗೆ. "ಈ ವರ್ಷದ ಇಬ್ಬರು ತಾವಾಗಿ ಬಂದವರು. ಗ್ರೇಸ್ ಯಾರನ್ನೂ ಕರೀಲಿಲ್ಲ. ಮಲಾವಿಗೆ ಹೋಗೋದು ಬೇಡ, ಅವಳನ್ನೇ ಕೇಳುವ."

ಗ್ರೇಸ್ ಬಂದಳು. ನಮ್ಮ ಅಡುಗೆಯವಳಿಂದ ಕಲಿತ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು: "ಬಾಯ್ಲರ್ ಕೆಟ್ಟೋಗೈತೆ ಸಾರ್. ಹೋದ್ ವರ್ಷದಿಂದ ತಣ್ಣೀರೇ. ಈ ಚಳೀಲಿ ಫ್ರೆಂಡ್ಸ್‌ಗೆ ಬನ್ನಿ ಅಂತ ಹೆಂಗ್ ಹೇಳ್ಲಿ?"

"ಅರ್ಜಿ ಕೊಡ್ಬಾರ್ದಿತ್ತೇನಮ್ಮಾ?" ಎಂದರು ಪ್ರಿನ್ಸಿಪಾಲರು.

"ಕೊಟ್ಟಿದ್ದೆ ಸಾರ್" ಎಂದವಳು ಪಾಪ, ಯಾರಿಗೆಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ಎಸ್ಟೇಟಿನಲ್ಲಿ ಇನ್ನೊಂದು ಪದ್ಧತಿಯಿತ್ತು. ಆಳುಗಳ ಲೈನ್ ಮನೆಗಳಿಂದ ದೂರು ಬಂದರೆ ರೈಟರು ಅದನ್ನು ಫೈಲಿನ ತಳಕ್ಕೆ ಹಾಕುವುದು; ಮೂರನೇ ಸಲ ಕೇಳಿದರೆ ಮಾತ್ರ ತೊಂದರೆ ನಿಜವೆಂದು ತಿಳಿಯುವುದು. ಗ್ರೇಸ್ ಮರ್ಯಾದಸ್ಥೆ, ಒಂದೇ ಸಲ ಕೇಳಿದ್ದಳು.

ನನ್ನ ಫೈಲಿನ ತಳದಲ್ಲಿದ್ದ ಅರ್ಜಿಯನ್ನು ನಾನೇ ತಂದುಕೊಟ್ಟೆ. ಆ ವಾರವೇ ಬಾಯ್ಲರ್ ಸರಿಯಾಯಿತು. ಈಗ ಗ್ರೇಸ್ ಫೋನಿನಲ್ಲಿ ಯಾರ್ಯಾರಿಗೋ ಹಬೆಯಾಡುವ ಬಕೆಟ್ಟಿನ ಫೋಟೋ ಕಳಿಸುತ್ತಿರುತ್ತಾಳೆ. ಮೊನ್ನೆ ಒಟ್ಟಿಗೇ ಐದು ಹೊಸ ಅಡ್ಮಿಷನ್ ಅರ್ಜಿ ಬಂದವು. ದೇಶದ ಕಾಲಮಿನಲ್ಲಿ ದೇಶವನ್ನೇ ಬರೆದೆ, 'ಕರೆತಂದವರು' ಎಂಬಲ್ಲಿ ಐದು ಸಲವೂ ಗ್ರೇಸ್ ಎಂದು ಬರೆದೆ. ಲವೀನಾ ಬಹಳ ಜಾಣೆ, ಆದರೂ ಅವಳ ಪಟ್ಟಿಯಲ್ಲಿ 'ಬರದಂತೆ ಮಾಡಿದವರು' ಎಂಬ ಕಾಲಂ ಇಲ್ಲ. ಅದನ್ನು ನಾನಾಗಿ ಜ್ಞಾಪಿಸಲು ಹೋಗಿಲ್ಲ. ಅಲ್ಲಿ ಬರೆಯಬೇಕಾದ ಹೆಸರು ಒಂದೇ, ಅದನ್ನು ಪ್ರತಿದಿನ ಬೆಳಿಗ್ಗೆ ಹಾಜರಿ ಪುಸ್ತಕದಲ್ಲಿ ಸಹಿ ಮಾಡುವಾಗ ಹೇಗೂ ಬರೆಯುತ್ತಿದ್ದೇನೆ.