ಫುಫು ಯಂತ್ರ ದಹನ ಪ್ರಸಂಗ

ಹೆಂಡತಿಯ ಬದಲಿಗೆ ಯಂತ್ರ ಬಂದ ಮನೆ ಈ ಕುಮಾಸಿ ಪಟ್ಟಣದಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ. ಆ ಗಂಡನ ಜೊತೆ ಕೂತು ಸ್ವಲ್ಪ ಅಳುವುದಿದೆ.

ನನ್ನವಳು ಅಫ್ರಿಯೆ ಅಮೆರಿಕಕ್ಕೆ ಹೋಗಿ ಮೂರು ಕ್ರಿಸ್‌ಮಸ್ ಕಳೆದವು. ಅಲ್ಲಿ ನರ್ಸು. ನಾನಿಲ್ಲಿ ನಮ್ಮ ಬಡಾವಣೆ ಬಂಟಾಮಾದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ಅನ್ನ, ಸಾರು ಹೇಗೋ ಬೇಯಿಸಿಕೊಳ್ಳುತ್ತೇನೆ. ಆದರೆ ಫುಫು ಒಂಟಿ ಮನುಷ್ಯನ ಅಡುಗೆಯಲ್ಲ. ಬೇಯಿಸಿದ ಮರಗೆಣಸು, ಬಾಳೆಕಾಯಿಗಳನ್ನು ಒರಳಿಗೆ ಹಾಕಿ ಒಬ್ಬರು ನಿಂತು ಒನಕೆಯಿಂದ ಕುಟ್ಟಬೇಕು. ಇನ್ನೊಬ್ಬರು ಎದುರಿಗೆ ಕೂತು, ಒನಕೆ ಮೇಲೆದ್ದ ಗಳಿಗೆಯಲ್ಲಿ ಕೈಹಾಕಿ ಮುದ್ದೆ ತಿರುಗಿಸಬೇಕು. ಮದುವೆಯಾದಾಗಿನಿಂದ ನಾನು ಕುಟ್ಟಿದೆ, ಅವಳು ತಿರುಗಿಸಿದಳು. ಬಾಯಲ್ಲಿ ಎಂಥ ಜಗಳ ನಡೆದಿದ್ದರೂ (ನಡೆಯುತ್ತಲೇ ಇತ್ತು) ಅವಳ ಬೆರಳಿಗೆ ನನ್ನ ಒನಕೆ ಒಮ್ಮೆಯೂ ತಾಗಿಲ್ಲ. ಈಗ ಆ ಒರಳು ಅಂಗಳದಲ್ಲಿ ಬೋರಲು ಬಿದ್ದಿದೆ, ಅದರ ಮೇಲೆ ಕೋಳಿ ಕೂರುತ್ತದೆ. ನೋಡಿದಾಗಲೆಲ್ಲ ಅವಳು ಬೇಕು ಅನ್ನಿಸುತ್ತದೆ.

"ಫುಫು ತಿನ್ಬೇಕು ಅನ್ಸುತ್ತೆ ಕಣೇ" ಎಂದು ಫೋನಿನಲ್ಲಿ ಗೋಗರೆದೆ. (ಅಂದದ್ದು ಫುಫು, ಅರ್ಥ ಬೇರೆ. ಮೂರು ಕ್ರಿಸ್‌ಮಸ್ ಒಂಟಿಯಾಗಿದ್ದವರಿಗೆ ತಿಳಿಯುತ್ತದೆ.) ಅವಳು ಹಡಗಿನಲ್ಲಿ ಒಂದು ನೀಲಿ ಪೀಪಾಯಿ ಕಳಿಸಿದಳು. ಸೋಪು, ಡಬ್ಬಿ ಮೀನು, ಈ ಸೆಕೆಯೂರಿನ ಗಂಡನಿಗೊಂದು ಉಣ್ಣೆ ಕೋಟು. ಎಲ್ಲದರ ತಳದಲ್ಲಿ ಫುಫು ಯಂತ್ರ.

ಪಕ್ಕದ ಮನೆಯ ಆಂಟಿ ಪೊಮಾ ಅದನ್ನು ಸುತ್ತು ಹಾಕಿ ನೋಡಿದರು.

"ಮೇಷ್ಟ್ರೇ, ಹಾಗೇ ಗೋಡೆಯ ಪ್ಲಗ್ಗಿಗೆ ಸಿಗಿಸಿಬಿಟ್ಟೀರ. ನನ್ನ ಮಿಕ್ಸಿ ಗತಿ ನೋಡಿದೀರಲ್ಲ."

ನೋಡದೆ ಏನು. ನಮ್ಮ ವಠಾರದಲ್ಲಿ ಪ್ರತಿ ಮನೆಯ ಗಾಜಿನ ಬೀರುವಿನಲ್ಲೂ ಅಮೆರಿಕದಿಂದ ಬಂದು ವೀರಮರಣ ಹೊಂದಿದ ಸಾಮಾನೊಂದು ಲೇಸಿನ ಬಟ್ಟೆ ಹೊದ್ದು ಕೂತಿದೆ. ಅಲ್ಲಿನ ಕರೆಂಟು ನೂರಿಪ್ಪತ್ತು ವೋಲ್ಟಿನ ಸಾಧುಪ್ರಾಣಿ, ನಮ್ಮದು ಹೆಚ್ಚುಕಡಿಮೆ ಅದರ ಎರಡರಷ್ಟು. ಜನ ಚಪ್ಪಟೆ ಪಿನ್ನಿಗೊಂದು ಅಡಾಪ್ಟರ್ ಸಿಗಿಸಿ ಗೆದ್ದೆವು ಅಂದುಕೊಳ್ಳುತ್ತಾರೆ. ಅದು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ವೋಲ್ಟೇಜು ಇಳಿಯಬೇಕಾದರೆ ನಡುವೆ ಟ್ರಾನ್ಸ್‌ಫಾರ್ಮರ್ ಬೇಕು, ಅದೂ ಯಂತ್ರ ಎಳೆಯುವುದಕ್ಕಿಂತ ಹೆಚ್ಚು ವ್ಯಾಟಿನದು. ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು ಪಾಠ ಮಾಡುವವನು ನಾನೇ. ಅಂಥದ್ದೊಂದು ಟ್ರಾನ್ಸ್‌ಫಾರ್ಮರ್ ನನ್ನ ಮಂಚದಡಿಯಲ್ಲೇ ಇತ್ತು.

ಅದನ್ನು ಎಳೆಯಲು ಬಗ್ಗಿದಾಗ ಆ ಮಹಾಯೋಚನೆ ಹೊಳೆಯಿತು. ಯಂತ್ರ ನಡೆದರೆ ಅಫ್ರಿಯೆ ಬರಲು ನೆಪವೇ ಉಳಿಯುವುದಿಲ್ಲ. ಸುಟ್ಟುಹೋದರೆ? ಅದೂ ಅವಳ ಕಣ್ಣೆದುರೇ ಸುಟ್ಟರೆ? ಟ್ರಾನ್ಸ್‌ಫಾರ್ಮರನ್ನು ಕಾಲಿನಿಂದ ಒಳಕ್ಕೆ ತಳ್ಳಿದೆ.

ಭಾನುವಾರ ಚರ್ಚಿನಿಂದ ಬಂದವನೇ ಮರಗೆಣಸು, ಬಾಳೆಕಾಯಿ ಬೇಯಿಸಿ ಯಂತ್ರಕ್ಕೆ ತುಂಬಿ, ವಿಡಿಯೋ ಕಾಲ್ ಮಾಡಿದೆ. ಇಡೀ ವಠಾರ ನನ್ನ ಬೆನ್ನ ಹಿಂದೆ ನೆರೆಯಿತು.

"ಆ ಭಾರದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ಎಲ್ಲಿ ಮೇಷ್ಟ್ರೇ?" ಎಂದರು ಆಂಟಿ ಪೊಮಾ.

"ಬೇಡ ಆಂಟಿ, ಅಡಾಪ್ಟರ್ ಸಾಕು."

ಅವರು ಹೋಗಿ ಒಂದು ಬಕೆಟ್ ಮರಳು ತಂದಿಟ್ಟರು.

ಕಣ್ಣುಮುಚ್ಚಿ ಸ್ವಿಚ್ಚು ಒತ್ತಿದೆ. ಗುರ್ರ್ ಅಂದಿತು. ಇನ್ನೇನು ಹೊಗೆ ಬರುತ್ತದೆ ಎಂದು ಮೂಗು ಅರಳಿಸಿದರೆ ಬಂದದ್ದು ಬೆಂದ ಗೆಣಸಿನ ಘಮ. ಕಣ್ಣು ತೆರೆದಾಗ ಒಳಗೆ ನುಣ್ಣನೆ ಫುಫು ಹೊಳೆಯುತ್ತಿತ್ತು.

"ಏನ್ರೀ, ಮುಖ ಯಾಕೆ ಹಾಗೆ ಮಾಡ್ಕೊಂಡಿದೀರ?" ಎಂದಳು ಅಫ್ರಿಯೆ.

"ಇಲ್ಲ... ಸುಡಲಿಲ್ವಲ್ಲ ಅಂತ, ಖುಷಿ."

"ಯಾಕೆ ಸುಡುತ್ತೆ? ಹಿಂದೆ ಒಂದು ಗುಂಡಿ ಇದೆ, ಎರಡು ದೇಶದ ಕರೆಂಟಿಗೂ ಆಗುತ್ತೆ. ಅಂಗಡಿಯವನು ನಮ್ಮೂರವನೇ. ಗಂಡ ಸೈನ್ಸ್ ಮೇಷ್ಟ್ರು ಅಂದೆ. ಹಾಗಾದ್ರೆ ಖಂಡಿತ ಸುಟ್ಟ್‌ಹಾಕ್ತಾರೆ ಅಂತ ಅವನೇ ನಮ್ಮ ಕರೆಂಟಿಗೆ ತಿರುಗಿಸಿಕೊಟ್ಟ."

ವಠಾರ ನಕ್ಕಿತು. ನಾನು ಒಂದು ತುತ್ತು ಸಾರಿನಲ್ಲಿ ಅದ್ದಿ ನುಂಗಿದೆ.

"ಹೇಗಿದೆ?"

"ಚೆನ್ನಾಗಿದೆ." (ಹಾಳಾದ್ದು, ನಿಜಕ್ಕೂ ಚೆನ್ನಾಗಿತ್ತು.)

ಅವಳು ಫೋನನ್ನು ಮುಖದ ಹತ್ತಿರ ತಂದಳು. "ಈ ಕ್ರಿಸ್‌ಮಸ್‌ಗೆ ರಜೆ ಸಿಕ್ಕಿದೆ ರೀ. ಯಂತ್ರ ಕೈಕೊಟ್ರೆ ನಾನೇ ಬಂದು ಒರಳು ಮುಂದೆ ಕೂರೋಣ ಅಂತಿದ್ದೆ. ಈಗ ನಿಮಗೆ ಊಟದ ಚಿಂತೆ ಇಲ್ವಲ್ಲ. ಮುಂದಿನ ವರ್ಷ ನೋಡೋಣ. ಟಿಕೆಟ್ಟಿನ ದುಡ್ಡಲ್ಲಿ ಅಮ್ಮನ ಮನೆಗೆ ತಗಡು ಹಾಕಿಸ್ತೀನಿ."

'ಫುಫು ಹಾಳಾಗಲಿ, ನೀನು ಬಾ' ಎನ್ನಬೇಕಿತ್ತು. ಬೆನ್ನ ಹಿಂದೆ ವಠಾರವೆಲ್ಲ ನಿಂತಿತ್ತು. ಗಂಟಲಿಗೆ ಬಂದ ಮಾತು ಫುಫುವಿನ ಜೊತೆ ಒಳಗಿಳಿಯಿತು. "ಹಾಗೇ ಮಾಡು" ಎಂದೆ.

ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿ, ಯಂತ್ರ ಮಗುಚಿ ಆ ಗುಂಡಿ ಹುಡುಕಿದೆ. ಅಮೆರಿಕದ ಕರೆಂಟಿಗೆ ತಿರುಗಿಸಿದೆ. ಅಡಾಪ್ಟರ್ ಸಿಗಿಸಿ, ಅಫ್ರಿಯೆಗೆ ತೋರಿಸಲು ಫೋನು ಸಿದ್ಧವಾಗಿಟ್ಟುಕೊಂಡು ಸ್ವಿಚ್ಚು ಒತ್ತಿದೆ.

ಅದೇ ಗಳಿಗೆಗೆ ಇಡೀ ಬಂಟಾಮಾದ ಕರೆಂಟು ಹೋಯಿತು.

ನಾನು ಇಲ್ಲೇ ಹುಟ್ಟಿ ಬೆಳೆದವನು, ಕರೆಂಟು ಹೋಗುವುದು ನನಗೆ ಹೊಸದಲ್ಲ. ಆದರೆ ಅದು ಬರಲಿ ಎಂದು ಇಷ್ಟು ಹಂಬಲಿಸಿದ್ದು ಇದೇ ಮೊದಲು. ಸ್ವಿಚ್ಚು ಒತ್ತಿದ್ದು ಒತ್ತಿದಂತೇ ಇದೆ, ಮರಳಿನ ಬಕೆಟ್ ಪಕ್ಕದಲ್ಲೇ ಇದೆ. ಸುಮ್ಮನೆ ಕೂರಲಾರದೆ ಅಂಗಳಕ್ಕೆ ಹೋಗಿ, ಕೋಳಿ ಓಡಿಸಿ, ಒರಳನ್ನು ತೊಳೆದು ನೆಟ್ಟಗೆ ಇಟ್ಟು ಬಂದಿದ್ದೇನೆ.