ತಣ್ಣನೆ ಬಾಡಿಗೆ, ಕಾದ ಹಂಡೆ

ಲೆಕ್ಕದ ವಿಷಯದಲ್ಲಿ ನನ್ನನ್ನು ಯಾರೂ ಏಮಾರಿಸಲಾರರು ಎಂಬ ನಂಬಿಕೆ ನನಗೆ ಕಳೆದ ಆಷಾಢದವರೆಗೂ ಇತ್ತು. ನಾನು ಹಾಸನದ ಪ್ರೌಢಶಾಲೆಯೊಂದರಲ್ಲಿ ಹದಿನೆಂಟು ವರ್ಷದಿಂದ ಗಣಿತ ಕಲಿಸುತ್ತಿರುವ ಮೇಷ್ಟ್ರು. ಲಾಭ-ನಷ್ಟ, ಸರಳಬಡ್ಡಿ, ಚಕ್ರಬಡ್ಡಿ ಎಲ್ಲ ನನಗೆ ಅಂಗೈ ಮೇಲಿನ ನೆಲ್ಲಿಕಾಯಿ. ಎರಡು ನಲ್ಲಿ ತುಂಬಿಸುತ್ತಿರುವ ತೊಟ್ಟಿಯನ್ನು ಮೂರನೆಯ ನಲ್ಲಿ ಖಾಲಿ ಮಾಡುತ್ತಿದ್ದರೆ ಅದು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಅಂಥ ತೊಟ್ಟಿಯನ್ನು ಯಾರು, ಯಾಕೆ ಕಟ್ಟಿಸುತ್ತಾರೆ ಎಂದು ಮಾತ್ರ ಕೇಳಬೇಡಿ!

ನನ್ನ ಹೆಂಡತಿ ಶೋಭಾ ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಹದಿನಾಲ್ಕು ವರ್ಷದಿಂದ ಹಾಸನದ ಅರ್ಧ ಜನಕ್ಕೆ ಸೂಜಿ ಚುಚ್ಚಿದ ಕೈ ಅವಳದು. "ಒಂದು ಮೂರು ವರ್ಷ ಹೊರಗಡೆ ಹೋಗಿ ಕೆಲ್ಸ ಮಾಡಿ ಬರ್ಬೇಕು ಕಣ್ರೀ" ಎಂಬ ಆಸೆ ಅವಳಿಗೆ. ಅದಕ್ಕಾಗಿ ಎರಡು ವರ್ಷ ಬೆಳಗ್ಗೆ ಐದಕ್ಕೆ ಎದ್ದು ಮೊಬೈಲಿನಲ್ಲಿ ಜರ್ಮನ್ ಕಲಿತಳು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಜರ್ಮನ್ ಹೆಸರಿನ ಚೀಟಿ ಅಂಟಿಸಿದಳು. ಸಕ್ಕರೆ ಯಾವುದು, ಉಪ್ಪು ಯಾವುದು ಎಂದು ತಿಳಿಯದೆ ನಾನು ಉಪ್ಪು ಹಾಕಿದ ಕಾಫಿ ಕುಡಿದ ದಿನಗಳುಂಟು. ಆದರೂ ಆಕೆ ಪರೀಕ್ಷೆ ಪಾಸು ಮಾಡಿದಳು.

ಒಂದು ಶುಕ್ರವಾರ ಜರ್ಮನಿಯ ಸಣ್ಣ ಊರಿನ ಆಸ್ಪತ್ರೆಯಿಂದ ಪತ್ರ ಬಂತು.

"ರೀ, ತಿಂಗ್ಳಿಗೆ ಎರಡು ಸಾವಿರದ ಎಂಟ್ನೂರು ಯೂರೋ ಅಂತ ಬರ್ದವ್ರೆ. ಮುಂದಿನ ಗುರುವಾರದೊಳ್ಗೆ ಬತ್ತೀನೋ ಇಲ್ವೋ ತಿಳಿಸ್ಬೇಕಂತೆ. ಅಲ್ಲಿ ಖರ್ಚು ಹೆಂಗೋ ಏನೋ, ಲೆಕ್ಕ ಹಾಕಿ ನೋಡ್ಬೇಕು" ಎಂದಳು.

"ಲೆಕ್ಕ ನನಗೆ ಬಿಡು!"

"ಬ್ಯಾಡ ಕಣ್ರೀ, ನಾನೇ..."

"ಬಿಡು ಅಂದ್ನಲ್ಲ! ಮನೇಲಿ ಗಣಿತದ ಮೇಷ್ಟ್ರು ಇಟ್ಕೊಂಡು ನರ್ಸು ಲೆಕ್ಕ ಹಾಕಿದ್ರೆ ಜನ ನಗ್ತಾರೆ."

ಒಂದು ಯೂರೋಗೆ ನೂರು ರೂಪಾಯಿ ಎಂದು ಹಿಡಿದೆ. ಎರಡು ಸೊನ್ನೆ ಸೇರಿಸಿದೆ. ಎರಡು ಲಕ್ಷದ ಎಂಬತ್ತು ಸಾವಿರ! ಆ ಮೊತ್ತವನ್ನು ಎರಡು ಸಲ ಗಟ್ಟಿಯಾಗಿ ಓದಿದೆ.

"ಅದು ಬ್ರುಟ್ಟೊ ಕಣ್ರೀ" ಎಂದು ಶೋಭಾ ಒಳಗಿನಿಂದ ಕೂಗಿದಳು.

ಬ್ರುಟ್ಟೊ ಎಂದರೆ ಆಸ್ಪತ್ರೆಯ ಮಾಲೀಕರ ಹೆಸರಿರಬೇಕು ಎಂದುಕೊಂಡೆ. "ಯಾರಾದ್ರೇನು, ಸಂಬಳ ಸರಿಯಾಗಿ ಕೊಟ್ರೆ ಸಾಕು" ಎಂದು ಉತ್ತರಿಸಿ, ಬಾಗೂರಿನಲ್ಲಿರುವ ನನ್ನ ಅಕ್ಕನ ಗಂಡನಿಗೆ ಫೋನು ಹಚ್ಚಿದೆ. ಭಾವ ಕೇಳಿ ದಂಗಾದರು.

"ಏನ್ಲಾ ಮಂಜ, ತಿಂಗ್ಳಿಗಾ? ಅಷ್ಟು ದುಡ್ನಾ ಏನ್ಲಾ ಮಾಡ್ತೀರಾ? ನಮ್ಮೂರ್ ಸಂತೆಗೆ ಸಂತೇನೇ ಕೊಂಡ್ಕೋಬೋದು ಕಣ್ಲಾ!"

ಭಾವನಿಗೆ ಹೇಳುವುದೂ ಒಂದೇ, ಬಾಗೂರಿನ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಹೇಳುವುದೂ ಒಂದೇ. ಮಾರನೆಯ ಬೆಳಗ್ಗೆಯೇ ಚನ್ನರಾಯಪಟ್ಟಣದಿಂದ ಇಬ್ಬರು ದೂರದ ನೆಂಟರು ಫೋನು ಮಾಡಿ ನನ್ನ ಆರೋಗ್ಯ ವಿಚಾರಿಸಿದರು.

ಇನ್ನು ಮನೆಯ ವಿಚಾರ. ನಮ್ಮಿಬ್ಬರಿಗೆಂದು ಆಸ್ಪತ್ರೆಯವರೇ ಮೂರನೆಯ ಮಹಡಿಯ ಮನೆಯೊಂದನ್ನು ಗೊತ್ತುಮಾಡಿದ್ದರು. ಒಡತಿ ಹೆಲ್ಗಾ ಎಂಬ ಅಜ್ಜಿ. ಆಕೆ ಇಂಗ್ಲಿಷಿನಲ್ಲಿ ಎರಡು ಬಾಡಿಗೆ ಬರೆದಿದ್ದರು. 'ಕೋಲ್ಡ್ ರೆಂಟ್' ನಾನೂರ ಎಂಬತ್ತು ಯೂರೋ. 'ವಾರ್ಮ್ ರೆಂಟ್' ಏಳುನೂರು ಯೂರೋ.

ನನಗೆ ಕೂಡಲೇ ಹೊಳೆಯಿತು. ಒಂದು ತಣ್ಣೀರಿನ ಮನೆ, ಇನ್ನೊಂದು ಬಿಸಿನೀರಿನ ಮನೆ. ವ್ಯತ್ಯಾಸ ಇನ್ನೂರ ಇಪ್ಪತ್ತು ಯೂರೋ. ಅಂದರೆ ಬಿಸಿನೀರಿಗೆ ತಿಂಗಳಿಗೆ ಇಪ್ಪತ್ತೆರಡು ಸಾವಿರ ರೂಪಾಯಿ! ಆ ದುಡ್ಡಿಗೆ ನಮ್ಮ ಬೀದಿಗೆಲ್ಲ ವರ್ಷವಿಡೀ ಅಭ್ಯಂಜನ ಮಾಡಿಸಬಹುದು. ಬಡವರ ಊಟಿ ಎಂದು ಹೆಸರಾದ ಹಾಸನದಲ್ಲಿ ಹುಟ್ಟಿ ಬೆಳೆದ ನಮಗೆ ಚಳಿಯ ಹೆದರಿಕೆಯೇ? ತಣ್ಣನೆ ಮನೆಯೇ ಸೈ ಎಂದು ಮನಸ್ಸಿನಲ್ಲೇ ಠರಾವು ಪಾಸು ಮಾಡಿದೆ.

ಭಾನುವಾರ ಮಧ್ಯಾಹ್ನ ಹೆಲ್ಗಾ ಅಜ್ಜಿ ನನ್ನ ಮೊಬೈಲಿಗೆ ವಿಡಿಯೋ ಕಾಲ್ ಮಾಡುವುದೆಂದು ನಿಗದಿಯಾಗಿತ್ತು. ಅಂದೇ ಶೋಭಾಗೆ ಯಾರದೋ ಬದಲಿಗೆ ಡ್ಯೂಟಿ ಬಿತ್ತು. ನಾನೋ ರಾಗಿಹಿಟ್ಟು ತರಲು ಅರಕಲಗೂಡು ಕಡೆಯ ಮಲ್ಲಿಪಟ್ಟಣಕ್ಕೆ, ಅವಳ ತಾಯಿಯ ಮನೆಗೆ ಹೊರಟಿದ್ದೆ.

"ಕಾಲ್ ಬಂದ್ರೆ ನಮಸ್ಕಾರ ಹೇಳಿ, ನಾಳೆ ನಾನೇ ಮಾತಾಡ್ತೀನಿ ಅಂತ ಹೇಳಿ. ಅಷ್ಟೇ! ಬೇರೆ ಒಂದ್ಮಾತೂ ಆಡ್ಬೇಡಿ" ಎಂದು ಶೋಭಾ ಎರಡು ಸಲ ಹೇಳಿ ಕಳಿಸಿದಳು.

ನಾನು ಅತ್ತೆಯ ಮನೆ ತಲುಪಿದ ಮೇಲೆ ಕಾಲ್ ಬಂತು. ನಮಸ್ಕಾರ ಹೇಳಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ತಿಂಗಳಿಗೆ ಇಪ್ಪತ್ತೆರಡು ಸಾವಿರ ಉಳಿಸುವ ಅವಕಾಶವನ್ನು ಯಾವ ಗಂಡಸು ಬಿಟ್ಟಾನು?

"ಮೇಡಂ, ನೋ ವಾರ್ಮ್! ಓನ್ಲಿ ಕೋಲ್ಡ್!" ಎಂದೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಚಳಿಗಾಲದಲ್ಲಿ ಏನು ಮಾಡುತ್ತೀರಿ ಎಂದು ಕೇಳಿದರು. ನಾವು ಬಡವರ ಊಟಿಯವರು ಎಂಬುದನ್ನು ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಅದು ಅವರಿಗೆ ಊಟಿ ಎಂಬ ಬಡವರೊಬ್ಬರು ನಮ್ಮ ಜೊತೆ ಬರುತ್ತಾರೆ ಎಂದು ಕೇಳಿಸಿತು. ಮನೆ ಇಬ್ಬರಿಗೆ ಮಾತ್ರ, ಮೂರನೆಯವರಿಗೆ ಜಾಗವಿಲ್ಲ ಎಂದರು. ಹೇಗೋ ಊಟಿಯನ್ನು ಕೈಬಿಟ್ಟೆ.

"ಸ್ನಾನಕ್ಕೆ?" ಎಂದರು.

ಹೇಳುವುದಕ್ಕಿಂತ ತೋರಿಸುವುದೇ ಮೇಲೆಂದು ಮೊಬೈಲು ಹಿಡಿದು ಬಚ್ಚಲಮನೆಗೆ ನಡೆದೆ. ಅತ್ತೆ ಒಲೆಗೆ ತೆಂಗಿನ ಗರಿ ತುಂಬಿ, ಅಳಿಯನಿಗೆಂದು ತಾಮ್ರದ ಹಂಡೆ ಕಾಯಿಸುತ್ತಿದ್ದರು. ಜಡಿಮಳೆಗೆ ಗರಿ ಹಸಿಯಾಗಿ ಬಚ್ಚಲ ತುಂಬ ಹೊಗೆ. ಹೊಗೆಯ ನಡುವಿನಿಂದ ಭಗ್ಗನೆ ಬೆಂಕಿ ಎದ್ದಿತು.

"ಫೈರ್! ಫೈರ್!" ಎಂದು ಅಜ್ಜಿ ಚೀರಿದರು.

"ಎಸ್ ಮೇಡಂ! ಸೇಮ್ ಫೈರ್, ಯುವರ್ ಹೌಸ್, ಥರ್ಡ್ ಫ್ಲೋರ್!" ಎಂದು ನಾನು ಸಂತೋಷದಿಂದ ಹೇಳಿದೆ.

ಅಷ್ಟರಲ್ಲಿ ಅತ್ತೆ ಹೊಗೆಯೊಳಗಿಂದ ಮುಖ ಹೊರಹಾಕಿ, "ಅದ್ಯಾರವ್ವ ಬೆಳ್ಳಗವ್ಳೆ? ಅಳಿಯಂದ್ರೇ, ನೀರು ಕಾದೈತೆ, ಅವ್ರ್ನೂ ಬರಾಕೇಳಿ, ಎರಡ್ ತಂಬಿಗೆ ಉಯ್ಕಳ್ಳಲಿ" ಎಂದರು. ಕಾಲ್ ಕಡಿದುಹೋಯಿತು. ಮಲ್ಲಿಪಟ್ಟಣದಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದುಕೊಂಡು ಎಣ್ಣೆ ಹಚ್ಚಿಕೊಂಡು ಬಿಸಿಬಿಸಿ ಸ್ನಾನ ಮಾಡಿ, ರಾಗಿಹಿಟ್ಟಿನ ಚೀಲದೊಂದಿಗೆ ಬಸ್ಸು ಹತ್ತಿದೆ.

ಸೋಮವಾರ ಅಜ್ಜಿಯ ಮೇಲ್ ಬಂತು. ಸುರಕ್ಷತೆಯ ಕಾರಣದಿಂದ ಮನೆ ಕೊಡಲಾಗದು ಎಂದು ಎರಡೇ ಸಾಲು.

ಶೋಭಾಳ ಮುಖ ಬಾಡಿತು. ಮನೆಯ ವಿಳಾಸವಿಲ್ಲದೆ ಆಸ್ಪತ್ರೆಯವರ ಕಾಗದಪತ್ರ ಮುಂದಕ್ಕೆ ಹೋಗುವಂತಿರಲಿಲ್ಲ. ಅಷ್ಟು ಸಣ್ಣ ಊರಿನಲ್ಲಿ ಗುರುವಾರದೊಳಗೆ ಬೇರೆ ಮನೆ ಎಲ್ಲಿಂದ ಬರಬೇಕು?

"ಏನ್ರೀ ಮಾತಾಡಿದ್ರಿ ಅವ್ರತ್ರ?"

"ನಮಸ್ಕಾರ ಹೇಳ್ದೆ."

"ಅಷ್ಟೇನಾ?"

"ಎರಡು ಕೈ ಜೋಡಿಸಿ ಹೇಳ್ದೆ."

ಈಗ ನನ್ನ ಮುಂದೆ ಇದ್ದದ್ದು ಒಂದೇ ದಾರಿ. ಹೋಗದಿರುವುದೇ ಲಾಭ ಎಂದು ಲೆಕ್ಕದಲ್ಲಿ ಸಾಧಿಸಿಬಿಟ್ಟರೆ ನನ್ನ ತಪ್ಪು ತಪ್ಪಾಗಿ ಉಳಿಯುವುದಿಲ್ಲ! ಮಂಗಳವಾರ ಶಾಲೆಯಲ್ಲಿ ಬಿಡುವಿನ ಅವಧಿಯಲ್ಲಿ ಕುಳಿತು ಪಟ್ಟಿ ಮಾಡಿದೆ. ಎಡಗಡೆ ಹಾಸನದ ಖರ್ಚು, ಬಲಗಡೆ ಜರ್ಮನಿಯ ಖರ್ಚು.

ಎಡಗಡೆ ಬರೆಯಲು ಹೊರಟರೆ ಖರ್ಚೇ ಇಲ್ಲ! ರಾಗಿಹಿಟ್ಟು ಅತ್ತೆ ಕೊಡುತ್ತಾರೆ. ತೆಂಗಿನಕಾಯಿ ಬಾಗೂರಿನ ಭಾವನ ತೋಟದಿಂದ ಮೂಟೆಯಲ್ಲಿ ಬರುತ್ತದೆ. ಅವರೆಕಾಯಿ ಕಾಲದಲ್ಲಿ ಬಂದವರೆಲ್ಲ ಒಂದು ಚೀಲ ಇಳಿಸಿ ಹೋಗುತ್ತಾರೆ. ಹೊಳೆನರಸೀಪುರದಲ್ಲಿರುವ ನನ್ನ ತಂಗಿ ಅಕ್ಕಿ ಕಳಿಸುತ್ತಾಳೆ. ನಲವತ್ತಾರು ವರ್ಷದಲ್ಲಿ ನಾನು ದುಡ್ಡು ಕೊಟ್ಟು ತೆಂಗಿನಕಾಯಿ ಕೊಂಡವನಲ್ಲ ಎಂಬುದು ಆ ದಿನವೇ ನನಗೆ ಗೊತ್ತಾಗಿದ್ದು. ಎಲ್ಲದರ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಪಟ್ಟಿ ಮುತ್ತಿನ ಹಾರದಂತೆ ಕಂಡಿತು.

ಬಲಗಡೆ ಅದೇ ಸಾಮಾನಿಗೆ ಜರ್ಮನಿಯ ಬೆಲೆ ಹಾಕಿದೆ. ಒಂದು ತೆಂಗಿನಕಾಯಿಗೆ ಇನ್ನೂರು ರೂಪಾಯಿ. ನಮ್ಮ ಮನೆಯ ವಾಡಿಕೆಯಂತೆ ಸಾರಿಗೆ, ಪಲ್ಯಕ್ಕೆ, ಚಟ್ನಿಗೆ ಎಂದು ದಿನಕ್ಕೆ ಮೂರು. ಹಬ್ಬದ ದಿನ ಒಂಬತ್ತು. ಇಷ್ಟು ಸಾಲದೆಂದು ರಾಗಿಗೆ, ಅವರೆಕಾಯಿಗೆ ವಿಮಾನದ ಬಾಡಿಗೆ ಸೇರಿಸಿದೆ. ಭಾವ ವರ್ಷಕ್ಕೆರಡು ಸಲ ನೋಡಲು ಬಂದರೆ ಅವರ ಟಿಕೆಟ್ಟು ಹಾಕಿದೆ. ಅಕ್ಕನನ್ನು ಬಿಟ್ಟು ಬರಲಾರರು. ಅಕ್ಕನದೂ ಹಾಕಿದೆ. ಎಲ್ಲ ಕೂಡಿ ಶೋಭಾಳ ಸಂಬಳದಿಂದ ಕಳೆದೆ.

ತಿಂಗಳ ಉಳಿತಾಯ: ಮೈನಸ್ ಹದಿನೇಳು ಸಾವಿರ!

ಸಂಜೆ ಡ್ಯೂಟಿ ಮುಗಿಸಿ ಬಂದ ಶೋಭಾಳ ಮುಂದೆ ಹಾಳೆ ಹರವಿ, ನ್ಯಾಯಾಧೀಶರ ಗಾಂಭೀರ್ಯದಿಂದ ಹೇಳಿದೆ. "ನೋಡಮ್ಮ, ಅಲ್ಲಿ ದುಡಿದು ನಾವೇ ಕೈಯಿಂದ ಹಾಕ್ಬೇಕಾಗುತ್ತೆ. ಬೇಡ ಅಂತ ಬರೆದುಬಿಡು. ಇದು ನನ್ನ ಮಾತಲ್ಲ, ಗಣಿತದ ಮಾತು."

ಅವಳು ಜಗಳ ಆಡುತ್ತಾಳೆ ಎಂದುಕೊಂಡಿದ್ದೆ. ಆಡಲಿಲ್ಲ. ಹಾಳೆಯನ್ನು ಪೂರ್ತಿ ಓದಿದಳು. ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕೀಳತೊಡಗಿದಳು. ಆಮೇಲೆ ಉಪ್ಪಿನ ಡಬ್ಬಿಯದು.

ಎರಡು ವರ್ಷದ ನಿದ್ದೆ ಕೆಡಿಸಿಕೊಂಡು ಅಂಟಿಸಿದ ಚೀಟಿಗಳು ಅವು. ನನ್ನ ಮಾನ ಉಳಿಸಿಕೊಳ್ಳಲು ನಾನು ಅವಳ ಆಸೆಯನ್ನು ಸುಳ್ಳು ಲೆಕ್ಕದಲ್ಲಿ ಕಳೆಯುತ್ತಿದ್ದೆ. ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು.

"ಶೋಭಾ, ಕೀಳ್ಬೇಡ. ನಾನು... ಅವರಿಗೆ ಹಂಡೆ ತೋರಿಸ್ದೆ" ಎಂದೆ.

"ಯಾರಿಗೆ?"

"ಹೆಲ್ಗಾ ಅಜ್ಜಿಗೆ."

"ಯಾವ ಹಂಡೆ?"

"ನಿಮ್ಮಮ್ಮನ ಹಂಡೆ. ಉರಿಯೋ ಒಲೆ ಸಮೇತ."

ಎಲ್ಲವನ್ನೂ ಹೇಳಿದೆ. ಶೋಭಾ ಡಬ್ಬಿ ಹಿಡಿದುಕೊಂಡೇ ಕುಸಿದು ಕೂತಳು. ಅಳುತ್ತಿದ್ದಾಳೆ ಎಂದು ಹತ್ತಿರ ಹೋದರೆ ನಗುತ್ತಿದ್ದಳು!

"ಅಯ್ಯೋ ನನ್ ಕರ್ಮವೇ! ಕೋಲ್ಡ್ ಅಂದ್ರೆ ಬರೀ ಗೋಡೆ ಬಾಡಿಗೆ ಕಣ್ರೀ. ಅದ್ರ ಮೇಲೆ ನೀರು, ಹೀಟರು, ಮೆಟ್ಲು ಗುಡ್ಸೋದು ಎಲ್ಲಾ ಸೇರ್ಸಿದ್ರೆ ವಾರ್ಮು. ಎರಡೂ ಒಂದೇ ಮನೇದು. ಯಾವ್ದು ಬೇಕೋ ಆರಿಸ್ಕೊಳ್ಳೋಕೆ ಅದೇನು ಹೋಟ್ಲಾ?"

"ಹಾಗಾದ್ರೆ ಬ್ರುಟ್ಟೊ?"

"ತೆರಿಗೆ, ವಿಮೆ ಎಲ್ಲಾ ಕಡ್ಕೊಳ್ಳೋಕೆ ಮುಂಚಿನ ಸಂಬ್ಳ. ಕಡ್ಕೊಂಡ್ ಮೇಲೆ ಕೈಗೆ ಬರೋದು ನೆಟ್ಟೊ."

ಬುರುಡೆಯದು ಬ್ರುಟ್ಟೊ, ನೆಟ್ಟಗೆ ಕೈಗೆ ಬರುವುದು ನೆಟ್ಟೊ! ಇಷ್ಟು ಸುಲಭವಾದ ಸೂತ್ರ ನನ್ನ ತಲೆಗೆ ಹೊಳೆಯಲಿಲ್ಲ.

ಅವಳು ಅಲ್ಲೇ ಕೂತು ಅಜ್ಜಿಗೆ ಫೋನು ಮಾಡಿದಳು. ಇಬ್ಬರೂ ಜರ್ಮನ್‌ನಲ್ಲಿ ಕಾಲು ಗಂಟೆ ಮಾತಾಡಿದರು. ನಡುನಡುವೆ 'ಹಂಡೆ' ಎಂಬ ಮಾತು ಮಾತ್ರ ನನಗೆ ಅರ್ಥವಾಗುತ್ತಿತ್ತು. ಅದು ಬಂದಾಗಲೆಲ್ಲ ಶೋಭಾ ನನ್ನ ಕಡೆ ನೋಡುತ್ತಿದ್ದಳು. ಕೊನೆಗೆ ಫೋನಿನ ಆ ಕಡೆಯಿಂದಲೂ ನಗು ಕೇಳಿಸಿತು. ಅಜ್ಜಿಯ ಅಜ್ಜಿಯ ಮನೆಯಲ್ಲೂ ಬಟ್ಟೆ ಒಗೆಯಲು ತಾಮ್ರದ ಹಂಡೆ ಕಾಯಿಸುತ್ತಿದ್ದರಂತೆ! ಮನೆ ಕೊಡಲು ಒಪ್ಪಿದರು. ಕರಾರಿನಲ್ಲಿ ಮಾತ್ರ ಒಂದು ಸಾಲು ಹೆಚ್ಚಿಗೆ ಸೇರಿತು: ಮೂರನೆಯ ಮಹಡಿಯಲ್ಲಿ ಸೌದೆ ಒಲೆ ಹಚ್ಚಕೂಡದು.

ಬುಧವಾರವೇ ಶೋಭಾ ಒಪ್ಪಿಗೆ ಕಳಿಸಿದಳು. ನಾನು ಶಾಲೆಯಲ್ಲಿ ಸಂಬಳವಿಲ್ಲದ ರಜೆಗೆ ಅರ್ಜಿ ಬರೆಯುವಾಗ, "ಆದ್ರೂ ಖರ್ಚಿನ ಲೆಕ್ಕ ಒಂದು ಸರಿಯಾಗಿ ಹಾಕ್ಬೇಕಲ್ವಾ?" ಎಂದು ಮೆಲ್ಲಗೆ ಕೇಳಿದೆ.

"ಹಾಕಿ ನಾಲ್ಕು ದಿನ ಆಯ್ತು" ಎಂದು ಒಂದು ನೋಟ್‌ಬುಕ್ ಕೊಟ್ಟಳು.

ಅಚ್ಚುಕಟ್ಟಾಗಿತ್ತು. ನೆಟ್ಟೊ ಸಂಬಳ, ವಾರ್ಮ್ ಬಾಡಿಗೆ, ದಿನಸಿ, ಅಮ್ಮನಿಗೆ ಕಳಿಸುವುದು, ಎಲ್ಲ ಕಳೆದು ಉಳಿಯುವ ಸಣ್ಣ ಮೊತ್ತ. ಎರಡು ಲಕ್ಷದ ಎಂಬತ್ತು ಸಾವಿರವೂ ಅಲ್ಲ, ಮೈನಸ್ಸೂ ಅಲ್ಲ. ನೆಮ್ಮದಿಯಾಗಿ ಬದುಕುವಷ್ಟು. ತಪ್ಪು ಹುಡುಕಲು ಮೂರು ಸಲ ಕೂಡಿದೆ. ಸಿಗಲಿಲ್ಲ.

ಖರ್ಚಿನ ಪಟ್ಟಿಯ ಕೆಳಗಡೆ, ದಿನಸಿಗೂ ಬಸ್ ಪಾಸಿಗೂ ನಡುವೆ, ಒಂದು ಬಾಬ್ತು ಇತ್ತು. ಗಂಡನ ಹೆಸರು ಹೇಳುವ ರೂಢಿ ಇಲ್ಲದ ಮನೆಯ ಮಗಳಲ್ಲವೇ? 'ಇವರು' ಎಂದಷ್ಟೇ ಬರೆದಿದ್ದಳು. ಮುಂದೆ ಇನ್ನೂರೈವತ್ತು ಯೂರೋ. ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ: 'ಕಡಿಮೆ ಮಾಡಬಹುದು.'

ಅಂದಿನಿಂದ ನಾನು ಎರಡನೆಯ ಮುದ್ದೆ ಕೇಳುವುದನ್ನು ಬಿಟ್ಟಿದ್ದೇನೆ!