ಮಾತಾಡುವ ಕಳ್ಳ ಬೇಕಾಗಿದ್ದಾನೆ

ಊಹಿಸಿ ನೋಡೋಣ. ಜೀವಮಾನವೆಲ್ಲ ಹಸು ಎಮ್ಮೆಗಳಿಗೆ ಸೂಜಿ ಚುಚ್ಚಿ ನಿವೃತ್ತನಾದ ಮನುಷ್ಯನೊಬ್ಬ, ಇಸ್ತ್ರಿ ಮಾಡಿದ ಶರಟು ತೊಟ್ಟು, ಹಳೇ ಸ್ಕೂಟರ್ ಏರಿ, ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕು ಸುತ್ತಿ ಸಿಕ್ಕಸಿಕ್ಕವರನ್ನು ಏನು ಕೇಳುತ್ತಿದ್ದಿರಬಹುದು? ಗಂಡೇ, ಹೆಣ್ಣೇ, ಸೈಟೇ? ಯಾವುದೂ ಅಲ್ಲ. "ನಿಮ್ಮ ಕಡೆ ಒಳ್ಳೇ ಕಳ್ಳ ಯಾರಾದರೂ ಇದ್ದಾರಾ? ಸ್ವಲ್ಪ ಮಾತಾಡುವಂಥವನು?"

ಆ ಮನುಷ್ಯ ನಾನೇ. ಇಂಥದ್ದೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ನೆನೆಸಿಕೊಂಡಾಗಲೆಲ್ಲ ಒಬ್ಬನೇ ಕೂತು ನಗುತ್ತೇನೆ.

ಸರ್ಟಿಫಿಕೇಟೋ, ವಾರಂಟೋ

ಡಿಗ್ರಿ ಮುಗಿಸಿದಾಗ ನನಗೆ ಅಪರಾಧಶಾಸ್ತ್ರದ ಎಂ.ಎ.ಗೆ ಸೀಟು ಸಿಕ್ಕಿತ್ತು. ಅದೇ ವಾರ ಪಶು ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಕೆಲಸದ ಆರ್ಡರೂ ಬಂತು. ಅಪ್ಪ, "ಓದು ಎಲ್ಲಿಗೂ ಓಡೋಗಲ್ಲ ಕಣೋ, ಕೆಲಸ ಓಡೋಗುತ್ತೆ" ಅಂದರು. ಸೀಟು ಬಿಟ್ಟೆ. ಆದರೆ ಆಸೆ ಬಿಡಲಿಲ್ಲ. ಕರು ಹಾಕಿಸಲು ಕೊಟ್ಟಿಗೆಯಲ್ಲಿ ಕಾಯುತ್ತ ಕೂತಾಗಲೂ, ಎಂ.ಎ. ಮಾಡಿದ್ದರೆ ಹೇಗಿರುತ್ತಿತ್ತು ಅಂತ ಲೆಕ್ಕ ಹಾಕುತ್ತಿದ್ದೆ. ನಿವೃತ್ತನಾದ ಮೇಲೆ, ಇನ್ನು ತಡಮಾಡಿದರೆ ಆಗದು ಅಂತ ದೂರಶಿಕ್ಷಣದಲ್ಲಿ ಸೇರಿಯೇಬಿಟ್ಟೆ.

ಕಡೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು 'ಕಳ್ಳತನದ ವಿಧಗಳು' ಅನ್ನುವ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಗಟ್ಟಿಯಾಗಿ ಓದದೆ ನನಗೆ ತಲೆಗೆ ಹತ್ತುವುದಿಲ್ಲ. ಒಂದು ವಾರದಲ್ಲಿ ಹೆಂಡತಿ ಬಂದು, "ರೀ, ಬೀದಿಯೋರೆಲ್ಲ ಎರಡೆರಡು ಬೀಗ ಹಾಕ್ತಿದಾರೆ" ಅಂದಳು.

"ಯಾಕಂತೆ?"

"ನೀವು ಕಳ್ಳತನ ಕಲೀತಿದೀರಂತಲ್ಲ! ಅಲ್ಲಾ, ಪಾಸಾದ್ರೆ ನಿಮಗೆ ಕೊಡೋದು ಸರ್ಟಿಫಿಕೇಟೋ, ವಾರಂಟೋ?"

ಪಂಚನಹಳ್ಳಿಯ ಮುಳ್ಳು

ಪರೀಕ್ಷೆಗಳೆಲ್ಲ ಆದವು. ಉಳಿದದ್ದು ಕೊನೆಯ ಪ್ರಬಂಧ. ನನ್ನ ಗೈಡ್ ಮಗಳ ವಯಸ್ಸಿನ ಹೆಣ್ಣುಮಗಳು, ಮಾತು ಮೃದು, ಪಟ್ಟು ಗಟ್ಟಿ. "ಸರ್, ನಿಜವಾಗಲೂ ಕಳ್ಳತನ ಮಾಡಿದ ಒಬ್ಬರನ್ನು ನೀವೇ ಹುಡುಕಿ ಮಾತಾಡಿಸಬೇಕು. ಅದಿಲ್ಲದೆ ಪ್ರಬಂಧ ತಗೊಳ್ಳಲ್ಲ" ಅಂದರು. ಪ್ರಬಂಧವಿಲ್ಲದೆ ಎಂ.ಎ. ಇಲ್ಲ. ಅಂದರೆ ನನ್ನ ಇಷ್ಟು ವರ್ಷದ ಆಸೆ ಈಗ ಯಾವನೋ ಕಳ್ಳನ ಕೈಯಲ್ಲಿ!

ಮೊದಲು ಪಂಚನಹಳ್ಳಿಗೆ ಹೋದೆ. ಅಲ್ಲಿನ ತೆಂಗಿನ ತೋಟದ ಗೌಡರು ನನಗೆ ಹಳಬರು. ನಾನು ಡಾಕ್ಟರಲ್ಲ, ಬರೀ ಇನ್ಸ್‌ಪೆಕ್ಟರ್ ಅಂತ ಎಷ್ಟು ಹೇಳಿದರೂ ಕೇಳದೆ ಮೊದಲಿನಿಂದ 'ಡಾಕ್ಟ್ರೇ' ಅಂತಲೇ ಕರೆಯುವವರು. ಎಳನೀರು ಕೆತ್ತಿ ಕೊಟ್ಟು, ವಿಷಯ ಕೇಳಿ, ಬೇಜಾರು ಮಾಡಿಕೊಂಡರು.

"ನಮ್ಮೂರಲ್ಲಿ ಕಳ್ಳರಾ? ಏನ್ ಮಾತು ಅಂತ ಆಡ್ತೀರಿ ಡಾಕ್ಟ್ರೇ! ಒಬ್ಬನೂ ಇಲ್ಲ."

"ಹಂಗಾದ್ರೆ ಮರಮರಕ್ಕೂ ಮುಳ್ಳು ಕಟ್ಟಿದೀರಲ್ಲ?"

"ಅದಾ? ಅದು ಪಕ್ಕದೂರೋರಿಗೆ."

ಪಕ್ಕದೂರಿಗೆ ಹೋದೆ. ಅಲ್ಲೂ ಮರಕ್ಕೆಲ್ಲ ಮುಳ್ಳು. ಅಲ್ಲೂ ಕಳ್ಳರಿಲ್ಲ. "ಇದು ಯಾರಿಗೆ?" ಅಂದೆ.

"ಪಂಚನಹಳ್ಳಿಯೋರಿಗೆ ಸ್ವಾಮಿ!"

ಶಿವನಿಯ ಬೀಗರು

ಶಿವನಿ ಸ್ಟೇಷನ್ ಹತ್ತಿರ ಟೀ ಅಂಗಡಿಯವನೊಬ್ಬ ಕೊನೆಗೂ ಒಬ್ಬರನ್ನು ತೋರಿಸಿದ. ಹರೆಯದಲ್ಲಿ ಸುತ್ತಲ ಊರುಗಳ ಕೋಳಿ ಕದಿಯುವುದರಲ್ಲಿ ಎತ್ತಿದ ಕೈಯಂತೆ. ಈಗ ಮೊಮ್ಮಕ್ಕಳನ್ನು ಕಂಡ, ಗಂಧ ಹಚ್ಚಿದ ಹಿರಿಯರು. "ಅದಕ್ಕೇನಂತೆ, ಹೇಳ್ತೀನಿ ಕೂತ್ಕಳಿ" ಅಂತ ಸಂತೋಷವಾಗಿಯೇ ಚಾಪೆ ಹಾಸಿದರು. ನನಗೆ ಡಿಗ್ರಿ ಕೈಗೆ ಬಂದಷ್ಟು ಖುಷಿ.

"ಕೋಳೀನ ಹಿಡಿಯೋದಲ್ಲ ಸ್ವಾಮಿ, ಅದು ಕೂಗದಂಗೆ ಹಿಡಿಯೋದೈತಲ್ಲ..." ಅಂತ ಶುರುಮಾಡಿದರು ನೋಡಿ, ಅಷ್ಟರಲ್ಲಿ ಬಾಗಿಲಲ್ಲಿ ಅವರ ಬೀಗರು ಪ್ರತ್ಯಕ್ಷ! ಮಗಳನ್ನು ಕೊಟ್ಟ ಮನೆಯವರು. ನಮ್ಮ ಹಿರಿಯರು ಒಂದು ಉಸಿರೂ ತಪ್ಪದೆ, "ಬನ್ನಿ ಬನ್ನಿ, ಇವರು ದನದ ಡಾಕ್ಟ್ರು. ಕೋಳಿ ರೋಗದ ವಿಷ್ಯ ಹೇಳಕ್ಕೆ ಬಂದವ್ರೆ. ಹೇಳಿ ಡಾಕ್ಟ್ರೇ" ಅಂದುಬಿಟ್ಟರು.

ಏನು ಮಾಡಲಿ? ಕೋಳಿಗಳ ಕೊಕ್ಕರೆ ರೋಗದ ಬಗ್ಗೆ ಒಂದು ಗಂಟೆ ಭಾಷಣ ಮಾಡಿದೆ. ನಡುನಡುವೆ ಹಿರಿಯರೂ ಅನುಭವದ ಮಾತು ಸೇರಿಸಿದರು. ಹೊರಡುವಾಗ ಬೀಗರು ನನ್ನನ್ನು ಪಕ್ಕಕ್ಕೆ ಕರೆದು ಹೆಮ್ಮೆಯಿಂದ, "ನೋಡಿ, ಇಷ್ಟೊಂದು ಕೋಳಿ ವಿಷ್ಯ ತಿಳ್ಕಂಡವ್ರಲ್ಲ ನಮ್ಮ ಬೀಗ್ರು, ಮನೇಲಿ ಒಂದೇ ಒಂದು ಕೋಳಿ ಸಾಕ್ದೋರಲ್ಲ!" ಅಂದರು.

ತರೀಕೆರೆಯ ಬೆಂಚು

ಸೋತು ಸುಣ್ಣವಾಗಿ ತರೀಕೆರೆಯ ಇಬ್ಬರು ಹಳೇ ಗೆಳೆಯರ ಹತ್ತಿರ ದುಃಖ ಹೇಳಿಕೊಂಡೆ. ಒಬ್ಬರು ಅಜ್ಜಂಪುರದಲ್ಲಿ ಹೆಡ್ಮಾಷ್ಟರಾಗಿದ್ದವರು, ಇನ್ನೊಬ್ಬರು ಪೋಸ್ಟ್‌ಮಾಸ್ಟರಾಗಿದ್ದವರು. ಸಂಜೆ ಪಾರ್ಕಿನ ಬೆಂಚಿನ ಮೇಲೆ ಇಬ್ಬರೂ ಕಣ್ಣರಳಿಸಿ, "ಕಳ್ಳರು ಬೇಕಾ? ನಾವಿಲ್ವೇನಯ್ಯಾ!" ಅಂದರು.

ಕಾಮನ ಹಬ್ಬ ಅಂದರೆ ನಮ್ಮ ಕಡೆ ಹಾಗೇ. ಕಾಮಣ್ಣನನ್ನು ಸುಡಲು ಹುಡುಗರು ಊರಿನ ಸೌದೆ, ಬೆರಣಿ ಕದ್ದೇ ತರಬೇಕು. ಕಳೆದುಕೊಂಡವರು ಬೈಯಬಹುದು, ದೂರು ಕೊಡುವ ಹಾಗಿಲ್ಲ. ಮೇಷ್ಟ್ರು ಚಿಕ್ಕವರಿದ್ದಾಗ ಶ್ಯಾನುಭೋಗರ ಏಣಿ ಹೊತ್ತು ತಂದರಂತೆ. ಏಣಿಯ ತುದಿಯಲ್ಲಿ ಅವರು ಒಣಹಾಕಿದ್ದ ಪಂಚೆಯೂ ಬಂತಂತೆ. ಪೋಸ್ಟ್‌ಮಾಸ್ಟರು ತಮ್ಮ ಮನೆಯ ಹಿತ್ತಲ ಬಾಗಿಲನ್ನೇ ಕಿತ್ತು ತಂದು, ಮಾರನೇ ದಿನ ಅಪ್ಪನ ಜೊತೆ ಸೇರಿ ಕಳ್ಳನನ್ನು ಹುಡುಕಿದರಂತೆ! ಮೂವರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆವು. ಆ ಬೆಂಕಿ, ಆ ತಮಟೆ, ಆ ಬೈಗುಳ, ಯಾವ ಕಾಲಕ್ಕೆ ಹೋಗಿಬಿಟ್ಟೆವೋ!

ಎಲ್ಲ ಬರೆದು ಕಳಿಸಿದೆ. ಗೈಡ್ ಫೋನ್ ಮಾಡಿದರು. "ಸರ್, ತುಂಬ ಚೆನ್ನಾಗಿದೆ. ಆದರೆ ಊರೇ ಒಪ್ಪಿಕೊಂಡ ಕಳ್ಳತನ ಅಪರಾಧ ಹೇಗಾಗುತ್ತೆ? ನಿಜವಾದ ಕಳ್ಳ ಬೇಕು. ಒಂದು ತಿಂಗಳು ಟೈಮಿದೆ."

ವಿಷಯ ಕೇಳಿ ಮೇಷ್ಟ್ರು, "ಕಳ್ಳ ಸಿಕ್ಕಿದಾಗ ಸಿಗಲಿ, ಈ ಸಲ ಹಬ್ಬಕ್ಕೆ ನಾವೇ ಒಂದು ಕೈ ನೋಡೋಣ ಬಾರಯ್ಯ" ಅಂದರು. ಆಸೆ ಹುಟ್ಟಿಸಿದ್ದು ನಾನು. ಈಗ ಬೇಡ ಅನ್ನುವುದು ಹೇಗೆ?

ಅಜ್ಜಂಪುರದ ಮಂಚ

ಕ್ಯಾಲೆಂಡರ್ ನೋಡುವ ಕೆಲಸ ಪೋಸ್ಟ್‌ಮಾಸ್ಟರಿಗೆ ಬಿಟ್ಟೆವು. ಸರ್ವೀಸೆಲ್ಲ ತಾರೀಕಿನ ಮುದ್ರೆ ಒತ್ತಿದ ಮನುಷ್ಯ, ಅವರಿಗಿಂತ ಬೇಕೇ? ಅವರು ಹೇಳಿದ ದಿನ ಮಧ್ಯಾಹ್ನ, ಊರು ಉಂಡು ಮಲಗುವ ಹೊತ್ತಿಗೆ, ಮೂವರೂ ಅಜ್ಜಂಪುರ ಸೇರಿದೆವು. ಮೇಷ್ಟ್ರಿಗೆ ಪರಿಚಯದ ಬೀದಿ. ಒಂದು ಮನೆಯ ಪಕ್ಕದಲ್ಲಿ ಹಳೇ ಮರದ ಮಂಚ ಕಂಡಿತು. ಮೂವರಿಗೆ ಮಂಡಿ ಆರು, ಆರೂ ನೋವಿನವು. ಆದರೂ ಎತ್ತಿದೆವು. ಪೋಸ್ಟ್‌ಮಾಸ್ಟರು ಕಿಸಕ್ಕನೆ ನಕ್ಕರು, ಮೇಷ್ಟ್ರು "ಶ್! ಸೈಲೆನ್ಸ್!" ಅಂತ ಕ್ಲಾಸಿನಲ್ಲಿ ಅರಚುವ ಹಾಗೆ ಅರಚಿದರು. ಬಾಗಿಲು ತೆರೆಯಿತು.

ಹೊರಬಂದ ಹೆಣ್ಣುಮಗಳು ಒಂದು ಗಳಿಗೆ ನೋಡಿ, "ಮೇಷ್ಟ್ರಾ?" ಅಂದಳು. ಅವರದೇ ಶಿಷ್ಯೆ!

ಮೇಷ್ಟ್ರು ಮಂಚದ ಕಾಲು ಬಿಡದೆಯೇ, "ಚೆನ್ನಾಗಿದೀಯೇನಮ್ಮಾ?" ಅಂದರು.

"ನಾನು ಚೆನ್ನಾಗಿದೀನಿ ಸಾರ್. ನಮ್ಮನೆ ಮಂಚ ಹೊತ್ಕಂಡು ಎಲ್ಲಿಗೆ ಹೊರಟ್ರಿ?"

"ಕಾಮಣ್ಣನಿಗಮ್ಮಾ, ಹಬ್ಬಕ್ಕೆ."

"ಅಯ್ಯೋ ಸಾರ್! ಕಾಮಣ್ಣನ್ನ ನಿನ್ನೆನೇ ಸುಟ್ಟಾಯ್ತಲ್ಲ! ಇವತ್ತು ಯಾರನ್ನ ಸುಡಾಕೆ?"

ಪೋಸ್ಟ್‌ಮಾಸ್ಟರು ಕ್ಯಾಲೆಂಡರಿನಲ್ಲಿ ಒಂದು ಮನೆ ತಪ್ಪಿ ನೋಡಿದ್ದರು. ಬೀದಿಯ ತುದಿಯಲ್ಲಿ ಬೂದಿಯ ಗುಡ್ಡೆ ಇತ್ತು, ಅದನ್ನು ದಾಟಿಕೊಂಡೇ ಬಂದಿದ್ದೆವು. ಅಪರಾಧಶಾಸ್ತ್ರ ಓದಿದ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಆ ತಾಯಿ ಮಂಚವನ್ನು ಇದ್ದಲ್ಲೇ ಇಡಿಸಿ, ಅದರ ಮೇಲೇ ನಮ್ಮನ್ನು ಕೂರಿಸಿ, ಒಬ್ಬಟ್ಟು ತಿನ್ನಿಸಿ ಕಳಿಸಿದಳು.

ಒಬ್ಬಟ್ಟು ತಿನ್ನುತ್ತಿರುವಾಗಲೇ ನನಗೆ ಹೊಳೆಯಿತು. ಅಲ್ಲಿಂದಲೇ ಗೈಡಿಗೆ ಫೋನ್ ಮಾಡಿದೆ. "ಮೇಡಂ, ಕಳ್ಳ ಸಿಕ್ಕ! ಹಬ್ಬದ ಕಳ್ಳ ಅಲ್ಲ, ಅಪ್ಪಟ. ಮಾಲು ಸಮೇತ ಸಿಕ್ಕಿಬಿದ್ದಿದಾನೆ."

"ಮಾತಾಡ್ತಾರಾ ಸರ್?"

"ಮಾತಾಡೋದಾ? ನಿಲ್ಲಿಸೋದೇ ಕಷ್ಟ."

"ಯಾರು ಸರ್ ಅವರು?"

"ನಾನೇ ಮೇಡಂ!"

ಮಂಚದ ಕಥೆ, ಹಬ್ಬ ಮುಗಿದ ಮಾರನೇ ದಿನ ಕದ್ದದ್ದು, ಎಲ್ಲ ಒಪ್ಪಿಸಿದೆ. ಆ ಕಡೆಯಿಂದ ಕೇಳಿದ ನಗು ಅಷ್ಟಿಷ್ಟಲ್ಲ. "ಬರೀರಿ ಸರ್, ತಗೋತೀನಿ. ಆದರೆ ಕೃತ್ಯ ನಡೆದ ದಿನ ಮಾತ್ರ ಸರಿಯಾಗಿ ನಮೂದಿಸಿ. ನಿಮ್ಮ ಎಂ.ಎ. ನಿಂತಿರೋದೇ ಅದರ ಮೇಲೆ."

ನಮೂದಿಸಿದೆ, ಎಂ.ಎ.ಯೂ ಆದೆ. ಹುಣ್ಣಿಮೆಯಲ್ಲ ಸ್ವಾಮಿ, ಕಾಮಣ್ಣ ಸುಟ್ಟು ಬೂದಿಯಾದ ಮಾರನೇ ದಿನ: ಫಾಲ್ಗುಣ ಬಹುಳ ಪಾಡ್ಯ, ಬುಧವಾರ.